ಗುರವ್ವನ ಪಾಲಿನ ಕಬಾಬು

ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಮಾಸುಮಬಿಯ ಕಬಾಬಿಗೆ ದೊಡ್ಡ ಹೆಸರು. ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕುಳಿತು ಜಂಪರು ಹೊಲಿಯುವ ಬೆರಳುಗಳು ಹಬ್ಬ ಬಂತೆಂದರೆ ಮಾಂಸದ ಖೀಮಾ ತಟ್ಟಲು ಕೂಡುತ್ತಿದ್ದವು. ಆ ಮನೆಗೆ ಬಂದು ಕಬಾಬು ತಿನ್ನದೆ ಹೋದವರು ಯಾರೂ ಇರಲಿಲ್ಲ, ಅವಳ ಜೀವದ ಗೆಳತಿಯೊಬ್ಬಳನ್ನು ಬಿಟ್ಟು.

ಟಿಕೋಟಾದ ಗುರುಸಿದ್ದವ್ವ, ಈ ಮನೆಯವರ ಬಾಯಲ್ಲಿ ಗುರವ್ವ, ಮತ್ತು ಮಾಸುಮಬಿ ಹುಡುಗಿಯರಾಗಿದ್ದಾಗ ಒಂದೇ ಯಂತ್ರದ ಮೇಲೆ ಸರದಿಯಂತೆ ಹೊಲಿಗೆ ಕಲಿತವರು. ಗುರುಸಿದ್ದವ್ವನದು ಲಿಂಗ ಕಟ್ಟಿದ ಮನೆತನ. ಮಾಂಸ ಬೇಯುವ ಪಾತ್ರೆಯಲ್ಲಿ ಬೆಂದದ್ದನ್ನು ಮುಟ್ಟಳು. ಹಾಗಂತ ರಂಜಾನ್ ಹಬ್ಬಕ್ಕೆ ಬರುವುದನ್ನು ಬಿಟ್ಟವಳೂ ಅಲ್ಲ. ಬರುವಾಗ ತೋಟದ ದ್ರಾಕ್ಷಿ ತರುತ್ತಾಳೆ. ಹೋಗುವಾಗ ಮಾಸುಮಬಿ ಅವಳ ಚೀಲಕ್ಕೆ ಶಿಧಾ ತುಂಬುತ್ತಾಳೆ. ಅಕ್ಕಿ, ಬೇಳೆ, ತುಪ್ಪ, ಸಕ್ಕರೆ, ಶಾವಿಗೆ, ಉತ್ತುತ್ತಿ, ಎಲ್ಲವೂ ಹಸಿಯದೇ. ಗುರುಸಿದ್ದವ್ವ ಅದನ್ನು ಟಿಕೋಟಾದ ತನ್ನ ಒಲೆಯ ಮೇಲೆ ಬೇಯಿಸಿ, ಶಾವಿಗೆಯಿಂದ ಹಬ್ಬದ ಪಾಯಸ ಸುರಕುಂಬಾ ಕುದಿಸಿ, ಉಂಡು ಫೋನ್ ಮಾಡುತ್ತಾಳೆ.

"ಸುರಕುಂಬಾ ಭಾಳ ಚಲೋ ಮಾಡಿದ್ದಿ ನೋಡ, ಮಾಸುಮಾ."

"ಕುದಿಸಿದಾಕಿ ನೀನ, ಹೆಸರ ನನಗ್ಯಾಕ ಬೇ."

ಇಬ್ಬರೂ ನಗುತ್ತಾರೆ. ಫೋನ್ ಇಟ್ಟ ಮೇಲೆ ಮಾಸುಮಬಿಗೆ ಮಾತ್ರ ಹಬ್ಬದಲ್ಲಿ ಏನೋ ಉಳಿದುಬಿಟ್ಟಂತೆ ಅನಿಸುತ್ತಿತ್ತು. ಗೆಳತಿ ತನ್ನ ಮನೆಯಲ್ಲಿ ಕುಳಿತು ಒಂದು ತುತ್ತು ಅಗಿಯುವುದನ್ನು ಅವಳು ಇನ್ನೂ ಕಂಡಿರಲಿಲ್ಲ.

ಹೋದ ಹಬ್ಬದಲ್ಲಿ ಗುರುಸಿದ್ದವ್ವ ಚೀಲ ಎತ್ತುತ್ತ ಅಂದಿದ್ದಳು: "ನಿನ್ನ ಕಬಾಬಿನ ಸುದ್ದಿ ಕೇಳಿ ಕೇಳಿ ಕಿವಿ ತುಂಬ್ಯಾವ. ಬಾಯಿಗಿ ಏನೂ ಇಲ್ಲ."

ನಗೆಯ ಮಾತು. ಆದರೂ ಅದು ಮಾಸುಮಬಿಯ ಮನಸ್ಸಿಗೆ ಗುಂಡುಸೂಜಿಯಂತೆ ಚುಚ್ಚಿಕೊಂಡಿತು. ಬಬಲೇಶ್ವರಕ್ಕೆ ಕೊಟ್ಟ ಮಗಳು ಹೀನಾ, ಮಾಂಸವಿಲ್ಲದ ಬರ್ಗರು, ಸೋಯಾ ಕಬಾಬು ಈಗ ದೊಡ್ಡ ಅಂಗಡಿಗಳ ಫ್ರೀಜರಿನಲ್ಲಿ ಸಿಗುತ್ತವೆ ಎಂದಾಗ ಅವಳಿಗೆ ದಾರಿ ಕಂಡಿತು. ತನ್ನ ಮಿಕ್ಸರು ಖೀಮಾ ರುಬ್ಬಿದ್ದು, ಬೇಡ. ಇದಾದರೆ ಮುಚ್ಚಿದ ಡಬ್ಬಿ, ಮೇಲೆ ಹಸಿರು ಚುಕ್ಕಿ. ಹಂಚೊಂದು ಹೊಸದು ತಂದರೆ ಮುಗಿಯಿತು.

"ಬದನಿಕಾಯಿ ಪಲ್ಯಾ ಮಾಡಿ ಹಾಕಿದ್ರ ಆತಲ್ಲ," ಅಂದ ಗಂಡ ಕುತುಬುದ್ದೀನ. ಗುಮ್ಮಟ ನೋಡಲು ಬರುವವರಿಗೆ ಟೋಪಿ ಮಾರುವ ಆತನಿಗೆ ಎಲ್ಲದಕ್ಕೂ ಸರಳ ಉಪಾಯ ಹೊಳೆಯುತ್ತಿತ್ತು.

"ಬದನಿಕಾಯಿ ಅಕಿ ಮನ್ಯಾಗೂ ಐತಿ. ಹಬ್ಬಕ್ಕ ಬಂದಾಕಿಗೆ ಹಬ್ಬದ್ದ ತಿನಸಬೇಕು."

ಹುಡುಕಾಟ ಶುರುವಾಯಿತು. ತಂದದ್ದನ್ನೆಲ್ಲ ಹಳೆಯ ಹಂಚಿನ ಮೇಲೆ ಹುರಿದು ಗಂಡನಿಗೂ ಮಗ ಅಯೂಬನಿಗೂ ಕೊಡುವಳು. ಹೊಸ ಹಂಚು ಕಾಗದದಲ್ಲಿ ಸುತ್ತಿದ್ದು ಹಾಗೇ ಕಪಾಟಿನ ಮೇಲಿತ್ತು. ಮೊದಲ ಡಬ್ಬಿಯ ಬರ್ಗರಿನ ಟಿಕ್ಕಿಯನ್ನು ಕುತುಬುದ್ದೀನ ಬಹಳ ಹೊತ್ತು ಅಗಿದು, "ಚಪ್ಪಲಿ ಅಗದಾಂಗ ಆತು" ಅಂದ. ಇನ್ನೊಂದು ಹಸಿ ಅವರೆಯ ವಾಸನೆ ಹೊಡೆಯಿತು. ಗಜ್ಜರಿ, ಬಟಾಣಿ, ಗೋವಿನಜೋಳ ಎದ್ದು ಕಾಣುತ್ತಿದ್ದ ಮತ್ತೊಂದನ್ನು ಅಯೂಬ ಬೆರಳಿನಿಂದ ಬಿಡಿಸಿ ನೋಡಿದ.

"ಇದು ಕಬಾಬ ಅಲ್ಲ ಅಮ್ಮೀ, ಕಾಯಿಪಲ್ಯದ ಸಂತಿ."

ಅದರಲ್ಲಿ ಹುರಿಯದೆ ಉಳಿದವು ಡಬ್ಬಿ ಸಮೇತ ಫ್ರಿಜ್ಜಿನ ಐಸಿನ ಮೂಲೆ ಸೇರಿದವು.

ಕೊನೆಗೊಂದು ಕರಿ ಡಬ್ಬಿ ಬಂತು. ಹಂಚಿಗೆ ಹಾಕಿದೊಡನೆ ಜಿಡ್ಡು ಬಿಟ್ಟು ಚುರುಗುಟ್ಟಿತು. ಕುತುಬುದ್ದೀನ ಒಂದು ಕಚ್ಚಿ ಹೆಂಡತಿಯ ಮುಖ ನೋಡಿದ, ಎದ್ದುಹೋಗಿ ಅಡುಗೆಮನೆಯ ಬುಟ್ಟಿ ಇಣುಕಿದ.

"ಖರೇ ಹೇಳು. ಖೀಮಾ ಎಲ್ಲಿ ಮುಚ್ಚಿಟ್ಟಿ?"

ಮಾಸುಮಬಿಗೆ ಗೆದ್ದ ಖುಷಿ. ಎಷ್ಟು ಖುಷಿಯೆಂದರೆ ಈ ಸಲ ಶಿಧಾ ಕಟ್ಟಿಡಲೂ ಹೋಗಲಿಲ್ಲ.

ಹಬ್ಬದ ದಿನ ಗುರುಸಿದ್ದವ್ವ ಬಂದಳು, ದ್ರಾಕ್ಷಿ ಇಟ್ಟಳು, ಹೊಸ ಹಂಚನ್ನು ಕಣ್ಣಾರೆ ಕಂಡಳು. ಡಬ್ಬಿಯ ಚುಕ್ಕಿಯನ್ನು ಕನ್ನಡಕ ಏರಿಸಿ ಓದುವಂತೆ ನೋಡಿ, "ಆತು, ಹಾಕು" ಅಂದಳು. ಮಾಸುಮಬಿಯ ಎದೆ ಹಗುರಾಯಿತು. ಕಬಾಬು ಹುರಿದು, ಈರುಳ್ಳಿ, ನಿಂಬೆಹಣ್ಣು ಇಟ್ಟು ಬಸಿಯನ್ನು ಮುಂದೆ ಸರಿಸಿದಳು.

ಗುರುಸಿದ್ದವ್ವ ಒಂದು ಚೂರು ಮುರಿದು ಬಾಯಿಯವರೆಗೆ ಒಯ್ದಳು. ಕೈ ಅಲ್ಲೇ ನಿಂತಿತು.

"ಮಾಸುಮಾ, ಓಣ್ಯಾಗ ನಿನ್ನ ಮನಿ ಮುಂದ ಹಾದ್ರ ಬರತೈತಲ್ಲ, ಅದ ವಾಸನಿ ಬೇ ಇದು."

"ಹಸರ ಚುಕ್ಕಿ ನೋಡಿದೆಲ್ಲ?"

"ಚುಕ್ಕಿ ಕಣ್ಣಿಗೆ ಕಾಣತೈತಿ. ಮೂಗಿಗೆ ಹೆಂಗ ತೋರಸ್ಲಿ?" ಅವಳು ಚೂರನ್ನು ಮೆಲ್ಲಗೆ ಬಸಿಯಲ್ಲಿಟ್ಟಳು. "ನಿನ್ನ ಮ್ಯಾಲೆ ನಂಬಿಕಿ ಐತಿ. ಗಂಟಲದಾಗ ಇಳಿಯೂದಿಲ್ಲ, ಏನ್ಮಾಡ್ಲಿ."

ಮಾಸುಮಬಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಡಿಸಿದಳು. ಮಟನ್ ತಿನ್ನುವ ನಾಲಿಗೆಗಳಿಂದ ರುಚಿ ನೋಡಿಸಿ, ಮಟನ್ ತಿನ್ನದವಳಿಗೆ ಬಡಿಸಿದ್ದಳು. ಶಿಧಾದ ಚೀಲವೂ ಇಲ್ಲ. ಹಬ್ಬದ ದಿನ ಗೆಳತಿ ಬರಿಗೈಲಿ ಟಿಕೋಟಾದ ಬಸ್ಸು ಹತ್ತಬೇಕು.

ಮೂಲೆಯಲ್ಲಿ ಕುಳಿತಿದ್ದ ಅಯೂಬ ಮೊಬೈಲಿನಿಂದ ತಲೆ ಎತ್ತದೆ ಅಂದ: "ಆ ಕಾಯಿಪಲ್ಯದ ಸಂತಿ ಫ್ರಿಜ್ಜಿನ್ಯಾಗ ಹಂಗ ಐತಿ ನೋಡ ಅಮ್ಮೀ."

ಡಬ್ಬಿ ಹೊರಬಂತು. ಗುರುಸಿದ್ದವ್ವ ಟಿಕ್ಕಿಯನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದಳು. ಗಜ್ಜರಿ ಗಜ್ಜರಿಯಂತೆಯೇ ಇತ್ತು, ಬಟಾಣಿ ಬಟಾಣಿಯಂತೆಯೇ. ಅವಳು ಎದ್ದು ಮೊದಲ ಸಲ ಆ ಅಡುಗೆಮನೆಯೊಳಗೆ ಕಾಲಿಟ್ಟು, ಹೊಸ ಹಂಚನ್ನು ತಾನೇ ತಿಕ್ಕಿ ತೊಳೆದು ಒಲೆಯ ಮೇಲಿಟ್ಟಳು.

"ಈಗ ನೀ ಮಾಡು. ಕಬಾಬಿಗೆ ಏನೇನ ಹಾಕ್ತಿ, ಅದನ್ನೆಲ್ಲಾ ಹಾಕು. ಅದೊಂದ ಬಿಟ್ಟು."

ಮಾಸುಮಬಿ ಏಲಕ್ಕಿ, ಲವಂಗ, ಶಹಾಜೀರಿಗೆ ಕುಟ್ಟಿ ಉದುರಿಸಿದಳು, ಪುದೀನಾ ಹೆಚ್ಚಿ ಹಾಕಿದಳು, ಅಂಚು ಕೆಂಪಗಾಗುವ ತನಕ ಕಾದಳು. ಗುರುಸಿದ್ದವ್ವ ಬಸಿ ಹಿಡಿದು ಅಲ್ಲೇ ಒಲೆಯ ಹತ್ತಿರ ನಿಂತು ತಿಂದಳು. ಅವಳ ದವಡೆ ಅತ್ತಿತ್ತ ಆಡುವುದನ್ನು ಮಾಸುಮಬಿ ಸೂಜಿಗೆ ದಾರ ಪೋಣಿಸುವಷ್ಟು ಲಕ್ಷ್ಯದಿಂದ ನೋಡುತ್ತಿದ್ದಳು.

"ಹೆಂಗೈತಿ?"

"ಉಪ್ಪ ಸ್ವಲ್ಪ ಕಡಿಮಿ," ಎಂದು ಗುರುಸಿದ್ದವ್ವ ಬಸಿ ಮುಂದೆ ಚಾಚಿದಳು. "ಇನ್ನೊಂದ ಹಾಕು. ಬರೂ ಹಬ್ಬಕ್ಕ ಶಿಧಾನೂ ಬೇಕ ಮತ್ತ. ಇದ ತಿನಸಿ ಅದನ್ನ ಉಳಸ್ಬ್ಯಾಡ."

ಕರಿ ಡಬ್ಬಿಯ ಕಬಾಬುಗಳನ್ನು ಕುತುಬುದ್ದೀನ ಒಬ್ಬನೇ ಮುಗಿಸಿದ. ಅವು ಖೀಮಾ ಅಲ್ಲವೆಂದು ಅವನಿನ್ನೂ ಪೂರ್ತಿ ನಂಬಿಲ್ಲ.

ಹೊಸ ಹಂಚು ಈಗ ಬೇರೆಯದೇ ಮೊಳೆಗೆ ನೇತಾಡುತ್ತದೆ. ಮೊನ್ನೆ ಅಯೂಬ ತತ್ತಿ ಹೊಯ್ಯಲು ಅದಕ್ಕೆ ಕೈ ಹಾಕಿದಾಗ, ಯಂತ್ರ ತುಳಿಯುತ್ತಿದ್ದ ಮಾಸುಮಬಿ ತಲೆ ಎತ್ತದೆಯೇ ಅಂದಳು:

"ಲೇ, ಅದು ಗುರವ್ವಂದು. ಅಲ್ಲೇ ಇಡು."