ಟೀಚರಮ್ಮನ ಜೊತೆ ಕುಸ್ಕೋಗೆ ಹೋಗಿದ್ದ ಆವಲಮ್ಮ

ಮುಳಬಾಗಿಲಿನ ಮನೆಯೊಂದರಲ್ಲಿ ಬೆಳಗಿನ ಐದೂವರೆ. ಹಾಲಿನವನು ಇನ್ನೂ ಬಂದಿಲ್ಲ. ಆವಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಂಚದ ಪಕ್ಕ ನಿಂತಿದ್ದಾರೆ. ಮಂಚದ ಮೇಲಿರುವವರು ನಿವೃತ್ತ ಬಸ್ ಕಂಡಕ್ಟರ್ ಶ್ರೀರಾಮಪ್ಪ. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿ ಒಂದೂವರೆ ವರ್ಷವಾಗಿದೆ. ಆವಲಮ್ಮ ಮೊದಲು ಅವರ ಉಗುರು ನೋಡುತ್ತಾರೆ. ಆಮೇಲೆ ಬಗ್ಗಿ, ಬೆನ್ನಿಗೆ ಕಿವಿಯಿಟ್ಟು ಒಂದು ಗಳಿಗೆ ಉಸಿರು ಆಲಿಸುತ್ತಾರೆ. ನಂತರ ಹಾಸಿದ ಬೆಡ್‌ಶೀಟಿನ ಅಂಚು ಹಿಡಿದು, ಒಂದೇ ಎಳೆತಕ್ಕೆ ಆ ದೊಡ್ಡ ಆಳನ್ನು ಬಲಮಗ್ಗುಲಿಗೆ ತಿರುಗಿಸುತ್ತಾರೆ. ಹೆಂಡತಿ ಭಾರತಮ್ಮ ಆಚೆ ಬದಿಯಿಂದ ದಿಂಬು ಒತ್ತಿಡುತ್ತಾರೆ.

"ಇಷ್ಟು ದಿವಸದಲ್ಲಿ ಮೈಮೇಲೆ ಒಂದು ಹುಣ್ಣಾಗಿಲ್ಲ ನೋಡಿ," ಎಂದು ಭಾರತಮ್ಮ ನನಗೆ ಹೇಳುತ್ತಾರೆ. ಆವಲಮ್ಮ ಬೆನ್ನಿಗೆ ಪೌಡರ್ ಹಾಕುತ್ತಾರೆ.

ಬೈರಕೂರಿನ ಆವಲಮ್ಮನಿಗೆ ಈಗ ಐವತ್ನಾಲ್ಕು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಅವರ ಕೆಲಸ. ರಾತ್ರಿ ಈ ಮನೆಯಲ್ಲೇ ಮಲಗಿ, ಐದು ಸಲ ಎದ್ದು ಮಗ್ಗುಲು ಬದಲಿಸುತ್ತಾರೆ. ಹಗಲು ಇದೇ ಊರಿನ ಇನ್ನೆರಡು ಮನೆ. ಸ್ವಂತ ಮನೆಗೆ ಹೋಗುವುದು ಭಾನುವಾರ ಮಾತ್ರ. ಹನ್ನೊಂದು ವರ್ಷದಲ್ಲಿ ಹದಿನಾಲ್ಕು ಜನರನ್ನು ನೋಡಿಕೊಂಡಿದ್ದಾರೆ. ಒಂಬತ್ತು ಜನ ತೀರಿಕೊಂಡಿದ್ದಾರೆ.

"ಎಂಟು ಜನ ಅವರವ್ರ ಮನೇಲೇ ಹೋದ್ರು," ಎನ್ನುತ್ತಾರೆ. "ಟೀಚರಮ್ಮ ಒಬ್ರು ದೂರ ಹೋಗಿ ಹೋದ್ರು."

ಈ ಕೆಲಸವನ್ನು ಅವರಿಗೆ ಯಾರೂ ಕಲಿಸಲಿಲ್ಲ. ಗಂಡ ಮುನಿನಾರಾಯಣಪ್ಪ ಟೇಕಲ್ ಕಡೆಯ ಕಲ್ಲಿನ ಕೋರೆಯಲ್ಲಿ ದುಡಿಯುತ್ತಿದ್ದರು. ಧೂಳು ಎದೆಗೆ ಕೂತು ನಾಲ್ಕು ವರ್ಷ ಮಲಗಿ, ಕೊನೆಗೆ ಎದೆಯಲ್ಲಿ ನೀರು ತುಂಬಿ ತೀರಿಕೊಂಡರು. ಆ ನಾಲ್ಕು ವರ್ಷ ಆವಲಮ್ಮ ಅವರ ಉಸಿರು ಕೇಳಿಕೊಂಡೇ ಬದುಕಿದರು. "ಎದೇಲಿ ನೀರು ತುಂಬಿದ್ರೆ ಸದ್ದೇ ಬೇರೆ. ಉಪ್ಪು ಬೆಂಕಿಗೆ ಹಾಕಿದಂಗೆ ಚಿಟಚಿಟ ಅಂತದೆ. ಒಂದ್ಸಲ ಕೇಳಿದ್ ಕಿವಿ ಮರೆಯೋದಿಲ್ಲ."

ಟೀಚರಮ್ಮ ಎಂದರೆ ಕೋಲಾರದ ವೆಂಕಟರತ್ನಮ್ಮ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವರು. ದಕ್ಷಿಣ ಅಮೆರಿಕದ ನಕ್ಷೆ ಬಿಡಿಸಿದಾಗಲೆಲ್ಲ ಕುಸ್ಕೋ ಎಂಬ ಬೆಟ್ಟದ ಮೇಲಿನ ಊರನ್ನು ತೋರಿಸಿ, ಅಲ್ಲಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಗೋಡೆ ಕಟ್ಟಿದ್ದಾರೆ ಎನ್ನುತ್ತಿದ್ದರಂತೆ. ಎಪ್ಪತ್ನಾಲ್ಕನೇ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದ ಮೇಲೆ ಅವರಿಗೆ ಸ್ನಾನ ಮಾಡಿಸಲು ಆವಲಮ್ಮ ಬಂದರು. ಶ್ರೀನಿವಾಸಪುರದ ಬಳಿ ಮಾವಿನ ಪಲ್ಪ್ ಫ್ಯಾಕ್ಟರಿ ನಡೆಸುವ ಮಗ ಅಮರನಾಥ್, ಅಮ್ಮನ ಆಸೆ ತೀರಿಸಲೇಬೇಕೆಂದು ಹೊರಟರು. ಎರಡು ವರ್ಷದ ಹಿಂದಿನ ದಸರಾ ರಜೆ. ಅಮರನಾಥ್, ಹೆಂಡತಿ ಸುನಂದ, ಮಗಳು ಪದ್ಮಶ್ರೀ, ಗಾಲಿಕುರ್ಚಿಯಲ್ಲಿ ಟೀಚರಮ್ಮ. ಕುರ್ಚಿ ತಳ್ಳಲು, ತಿರುಪತಿಗಿಂತ ಆಚೆ ಹೋಗಿರದ ಆವಲಮ್ಮ.

ಕುಸ್ಕೋ ಇರುವುದು ಕೋಲಾರದ ನಾಲ್ಕರಷ್ಟು ಎತ್ತರದಲ್ಲಿ. ಸಮುದ್ರದ ಪಕ್ಕದ ಲಿಮಾದಿಂದ ಒಂದೂವರೆ ತಾಸಿನಲ್ಲಿ ವಿಮಾನ ಅಲ್ಲಿಗೆ ಏರಿಸಿಬಿಡುತ್ತದೆ. ಅಲ್ಲಿ ಗಾಳಿ ತೆಳು, ಹೋದ ಮೇಲೆ ಎರಡು ದಿನ ಸುಧಾರಿಸಿಕೊಳ್ಳಿ, ಉಸಿರು ಕಟ್ಟಿದರೆ ಕೂಡಲೇ ಕೆಳಗಿಳಿಯಿರಿ ಎಂದು ವೈದ್ಯರು ಮೊದಲೇ ಹೇಳಿದ್ದರು. ಪ್ರವಾಸದ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮೊದಲ ದಿನ ಮಧ್ಯಾಹ್ನ, ಕಲ್ಲು ಹಾಸಿದ ಓಣಿಯಲ್ಲಿ ಆವಲಮ್ಮ ಕುರ್ಚಿ ತಳ್ಳುತ್ತಾ ಮೂರು ಸಲ ನಿಂತು ಉಸಿರು ತೆಗೆದುಕೊಂಡರು. ಗೋಡೆ ಬಂತು. "ಟೀಚರಮ್ಮ ಎಬ್ಬಿಸಿ ನಿಲ್ಸು ಅಂದ್ರು. ಕಲ್ಲಿನ ಮೇಲೆ ಕೈಯಿಟ್ಕೊಂಡು ಹಂಗೇ ನಿಂತ್ರು. ಒಂದು ಕೂದ್ಲು ಹೋಗೋಷ್ಟು ಸಂದಿಲ್ಲ ನೋಡೇ ಅಂದ್ರು. ಅಷ್ಟು ಸಂತೋಷ ನಾನು ಅವ್ರ ಮುಖದಲ್ಲಿ ನೋಡಿರ್ಲಿಲ್ಲ."

ಎರಡನೇ ದಿನ ಬೆಳಿಗ್ಗೆ ಸೀರೆ ಉಡಿಸುವಾಗ ಉಗುರು ನೀಲಿಗಟ್ಟಿದ್ದವು. ಎರಡು ಮಾತಿಗೊಮ್ಮೆ ಟೀಚರಮ್ಮ ಏದುತ್ತಿದ್ದರು. ಮಗನನ್ನು ಕರೆಯಲು ಆವಲಮ್ಮ ಬಾಗಿಲ ಕಡೆ ತಿರುಗಿದಾಗ ಕೈ ಹಿಡಿದುಕೊಂಡರು. ಇಬ್ಬರೇ ಇದ್ದಾಗ ಮಾತು ತೆಲುಗಿನಲ್ಲೇ.

"'ಎವುರ್ಕೀ ಚೆಪ್ಪೊದ್ದು' ಅಂದ್ರು. ಯಾರ್ಗೂ ಹೇಳ್ಬೇಡ ಅಂತ. ನಾಳೆ ರೈಲಲ್ಲಿ ಇನ್ನೊಂದು ಜಾಗ ತೋರಿಸ್ತಾರಂತೆ, ಅದು ನೋಡ್ದೆ ಕೆಳಗೆ ಇಳಿಯೋಲ್ಲ, ಮಕ್ಕಳ ಸಂತೋಷ ಕೆಡಿಸ್ಬೇಡ ಅಂದ್ರು. ನಾನು ಸುಮ್ನಾದೆ."

ಇದನ್ನು ಹೇಳುವಾಗ ಆವಲಮ್ಮ ನನ್ನ ಮುಖ ನೋಡುವುದಿಲ್ಲ.

ಅವತ್ತು ಊರಿನ ಮೇಲಿನ ಕೋಟೆಗೆ, ಇನ್ನೂ ಎತ್ತರಕ್ಕೆ ಹೋಗಿಬಂದರು. ಎಲ್ಲರಿಗೂ ತಲೆನೋವು, ಎಲ್ಲರಿಗೂ ಸುಸ್ತು. ಅದರ ನಡುವೆ ಮುದುಕಿಯ ಸುಸ್ತು ಬೇರೆಯಾಗಿ ಕಾಣಲಿಲ್ಲ. ಸಂಜೆ ನಾಲ್ಕಕ್ಕೆ ಹೋಟೆಲಿಗೆ ಮರಳಿದ ಮೇಲೆ ಆವಲಮ್ಮ ಟೀಚರಮ್ಮನ ಬೆನ್ನಿಗೆ ಕಿವಿಯಿಟ್ಟರು. ಗಂಡನ ಎದೆಯಲ್ಲಿ ಕೇಳಿದ ಸದ್ದೇ ಅಲ್ಲಿತ್ತು. ಓಡಿಹೋಗಿ ಅಮರನಾಥ್‌ಗೆ ಹೇಳಿದರು.

"ಸಾರ್, ಅಮ್ಮನ ಎದೇಲಿ ನೀರು ಸೇರ್ತಾ ಇದೆ. ಇವತ್ತೇ ಕೆಳಗೆ ಕರ್ಕೊಂಡು ಹೋಗಿ."

"ಇಲ್ಲಿ ಎಲ್ರಿಗೂ ಹಿಂಗೇ ಆಗ್ತದೆ ಆವಲಮ್ಮ. ನಾಳೆ ಹೋಗೋ ಜಾಗ ಇದಕ್ಕಿಂತ ಕೆಳಗೇ ಇದೆಯಂತೆ, ಗೈಡ್ ಹೇಳಿದ್ದಾನೆ."

"ನಾಳೆ ತನಕ ಬೇಡ ಸಾರ್."

"ನೀನೇನು ಡಾಕ್ಟ್ರಾ?"

ಹೋಟೆಲಿನವರು ಆಮ್ಲಜನಕದ ಸಿಲಿಂಡರ್ ತಂದಿಟ್ಟರು. ಸ್ವಲ್ಪ ಹೊತ್ತು ತುಟಿಗೆ ಬಣ್ಣ ಬಂತು. ಅದನ್ನು ನೋಡಿ ಮನೆಯವರು ಧೈರ್ಯ ತಂದುಕೊಂಡರು. ಏಳೂವರೆಗೆ ಟೀಚರಮ್ಮ ಮೊಮ್ಮಗಳ ಹೆಸರನ್ನು ಪೂರ್ತಿ ಹೇಳಲಾರದೆ ಹೋದಾಗ ಆಸ್ಪತ್ರೆಗೆ ಓಡಿದರು. ಕೆಳಗಿಳಿಯಲು ಇನ್ನು ವಿಮಾನವಿದ್ದದ್ದು ಬೆಳಿಗ್ಗೆ. ಬೆಳಕು ಹರಿಯುವ ಮುಂಚೆ ವೆಂಕಟರತ್ನಮ್ಮ ತೀರಿಕೊಂಡರು.

ಶವಕ್ಕೆ ಸ್ನಾನ ಮಾಡಿಸಿದ್ದು ಆವಲಮ್ಮ. ಅಲ್ಲಿನ ನರ್ಸ್ ಒಬ್ಬಳು ಕೇಳದೆಯೇ ಬಿಸಿನೀರು ತಂದಿಟ್ಟು, ಆಚೆ ಬದಿ ಹಿಡಿದುಕೊಂಡಳಂತೆ. "ಅವಳ ಭಾಷೆ ನಂಗೆ ಬರ್ಲಿಲ್ಲ, ನನ್ದು ಅವಳಿಗೆ ಬರ್ಲಿಲ್ಲ. ಕೆಲ್ಸ ಇಬ್ರಿಗೂ ಗೊತ್ತಿತ್ತು." ಸಂಸ್ಕಾರ ಲಿಮಾದಲ್ಲೇ ಆಯಿತು. ಅಸ್ಥಿಯ ಜೊತೆ ನಾಲ್ವರು ಮರಳಿದರು.

ಕೋಲಾರದಲ್ಲಿ ಮಾತು ಬೇರೆಯೇ ಹಬ್ಬಿತ್ತು. ನೋಡಿಕೊಳ್ಳಲು ಕರೆದೊಯ್ದವಳು ಊರು ನೋಡುತ್ತಾ ಮೈಮರೆತಳು ಎಂದರು. ಅಮರನಾಥ್ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆರು ತಿಂಗಳು ಯಾರೂ ಆವಲಮ್ಮನನ್ನು ಮನೆಗೆ ಕರೆಯಲಿಲ್ಲ. ಬೈರಕೂರಿನಲ್ಲಿ ಟೊಮೆಟೊ ಕೀಳಲು ಹೋದರು. ಕೊನೆಗೆ ಬೇರೆ ಯಾರೂ ಸಿಗದೆ ಕರೆದದ್ದು ಭಾರತಮ್ಮ. "ನಂಗೂ ಹೆದ್ರಿಕೆ ಇತ್ತು, ಸುಳ್ಳು ಯಾಕೆ ಹೇಳ್ಲಿ," ಎನ್ನುತ್ತಾರೆ ಅವರು.

ಕಳೆದ ತಿಂಗಳು ಒಂದು ಭಾನುವಾರ ಅಮರನಾಥ್ ಬೈರಕೂರಿಗೆ ಬಂದರು. ಜಗುಲಿಯ ಮೇಲೆ ಕೂತು, ಅಮ್ಮ ಕೊನೆಗೆ ಏನಾದರೂ ಹೇಳಿದರಾ ಎಂದು ಕೇಳಿದರು. ಆವಲಮ್ಮ ಎರಡು ವರ್ಷ ಒಳಗಿಟ್ಟುಕೊಂಡಿದ್ದನ್ನು ಹೇಳಿಬಿಟ್ಟರು: ಬೆಳಿಗ್ಗೆಯೇ ನೋಡಿದ್ದೆ, ಹೇಳಬೇಡ ಅಂದರು, ನಾಲ್ಕು ಗಂಟೆಯವರೆಗೆ ಬಾಯಿ ಬಿಡಲಿಲ್ಲ.

"ಬೈತಾರೆ ಅಂದ್ಕೊಂಡೆ. ನೀನು ನಾಲ್ಕು ಗಂಟೆಗೆ ಹೇಳ್ದಾಗ್ಲೂ ನಾನು ಕೇಳ್ಲಿಲ್ವಲ್ಲ ಅಂದ್ರು."

ಎದ್ದು ಹೊರಡುವಾಗ ಅವರು ಇನ್ನೊಂದು ಮಾತು ಕೇಳಿದರು. ಸುನಂದ ಅವರ ತಾಯಿ ಹಾಸಿಗೆ ಹಿಡಿದಿದ್ದಾರೆ, ಬಂದು ನೋಡಿಕೊಳ್ಳುತ್ತೀಯಾ ಎಂದು.

ಹಾಗಾದರೆ ಹೋಗುತ್ತೀರಾ ಎಂದು ನಾನು ಕೇಳುತ್ತೇನೆ. ಆವಲಮ್ಮ ಒದ್ದೆ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕುತ್ತಾರೆ.

"ಇಲ್ಲಿನ ಹಗಲಿನ ಮನೆಗಳ್ನ ಬೇರೆಯೋರ್ಗೆ ಒಪ್ಸಿ, ಹಗಲು ಹೊತ್ತು ಹೋಗ್ತೀನಿ. ಪೇಶೆಂಟು ಬೇಡ ಅಂದ್ರೂ ನಾನು ಹೇಳ್ಬಿಡೋಳೇ, ಹೇಳಿದ್ ತಕ್ಷಣ ನೀವು ಎದ್ದೇಳ್ಬೇಕು ಅಂದಿದೀನಿ. ಆಯ್ತು ಅಂದ್ರು." ಬಕೆಟ್ ಎತ್ತಿಕೊಳ್ಳುತ್ತಾ ಸೇರಿಸುತ್ತಾರೆ: "ಆ ಮನೇಲಿ ಈಗ ನನ್ ಮಾತು ಕೇಳ್ತಾರೆ."