ಹಗ್ಗದಣ್ಣ ‘ಬಂದೆ’ ಅಂದದ್ದು

ಎತ್ತರದ ಕಟ್ಟಡದ ನೆತ್ತಿಯಿಂದ ಹಗ್ಗ ಇಳಿಬಿಟ್ಟು, ಅದಕ್ಕೆ ಜೋತುಬಿದ್ದು, ಹೊರಗಿನಿಂದ ಗಾಜು ಒರೆಸುವುದು, ಗೋಡೆಗೆ ಬಣ್ಣ ಹೊಡೆಯುವುದು. ಆಯಸ್ಸೆಲ್ಲ ಇದೇ ಕೆಲಸ ಮಾಡಿದ ಮನುಷ್ಯ. ಓಣಿಯವರ ಬಾಯಲ್ಲಿ ಹಗ್ಗದಣ್ಣ. ದೊಡ್ಡ ದೊಡ್ಡ ಆಫೀಸುಗಳನ್ನೆಲ್ಲ ಅವನು ನೋಡಿದ್ದು ಕಿಟಕಿಯ ಆಚೆಯಿಂದಲೇ. ಒಳಗಿನವರು ತೂಕಡಿಸುವುದು, ಮೂಗಿನಲ್ಲಿ ಬೆರಳಾಡಿಸುವುದು, ಬಾಗಿಲು ಹಾಕಿಕೊಂಡು ಅಳುವುದು ಎಲ್ಲ ಕಂಡಿದ್ದ. ಒಬ್ಬರ ವಿಷಯ ಇನ್ನೊಬ್ಬರ ಕಿವಿಗೆ ಹಾಕಿದವನಲ್ಲ ಅನ್ನುವುದೇ ಅವನ ಜಂಬ. ಬಾಯಿ ಒರಟು, ಮನಸ್ಸು ಬೆಣ್ಣೆ ಅಂತ ಇಂಥವರ ಬಗ್ಗೆ ಹೇಳುತ್ತಾರಲ್ಲ, ಹಾಗೇನೂ ಇಲ್ಲ. ಮನಸ್ಸೂ ಗಟ್ಟಿಯೇ. ಮೊಮ್ಮಗಳ ವಿಷಯ ಒಂದು ಬಿಟ್ಟು.

ಕೆಲಸದಲ್ಲಿ ಅವನದೊಂದು ಕಟ್ಟುನಿಟ್ಟಿತ್ತು. ಹಗ್ಗದ ಹತ್ತಿರ ಯಾರೂ ‘ಬಂದೆ’ ಅನ್ನಕೂಡದು. ನಮ್ಮ ಜನ ಗೊತ್ತಲ್ಲ! ಯಾರಾದರೂ ಕೂಗಿದರೆ ಸಾಕು, ಕೂತಲ್ಲಿಂದ ಅಲ್ಲಾಡದೆ ‘ಬಂದೆ’ ಅನ್ನುತ್ತಾರೆ. ಕಾಲಿಗೆ ಚಪ್ಪಲಿ ಮೆಟ್ಟಿರುವುದಿಲ್ಲ, ‘ಬಂದೆ’. ಮೈಗೆಲ್ಲ ಸೋಪು ಹಚ್ಚಿಕೊಂಡು ಬಚ್ಚಲಲ್ಲಿ ನಿಂತಿರುತ್ತಾರೆ, ‘ಬಂದೇ ಬಿಟ್ಟೆ’. ಒಮ್ಮೆ ಕೆಳಗೆ ಹಗ್ಗ ಹಿಡಿಯಬೇಕಾದ ಆಸಾಮಿ ಟೀ ಅಂಗಡಿಯಿಂದಲೇ ‘ಬಂದೆ’ ಅಂತ ಕೂಗಿದ. ಅದನ್ನು ನಂಬಿ ಮೇಲಿದ್ದ ಜೊತೆಗಾರ ಗೋಡೆ ದಾಟಿ ಇಳಿದ. ನಾಲ್ಕನೇ ಮಹಡಿಯ ಕಿಟಕಿಯ ಮುಂದೆ ಒಣಹಾಕಿದ ಪ್ಯಾಂಟಿನ ಹಾಗೆ ತಲೆಕೆಳಗಾಗಿ ನೇತಾಡಿದ. ಒಳಗೆ ಮೀಟಿಂಗು ನಡೆಯುತ್ತಿತ್ತಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಗ್ಗದಣ್ಣ ನಗಲಿಲ್ಲ. “ಕೈಯಲ್ಲಿ ಹಗ್ಗ ಇದ್ರೆ ಹಿಡಿದಿದ್ದೀನಿ ಅನ್ನು. ಇಲ್ದಿದ್ರೆ ಬಾಯಿ ಮುಚ್ಕೊಂಡಿರು,” ಅಂತ ಟೀ ಕುಡಿದವನ ಬೆವರಿಳಿಸಿದ. ಅಲ್ಲಿಂದಾಚೆ ಅವನ ಹಗ್ಗದ ಹತ್ತಿರ ಆ ಮಾತು ಬಂದ್.

ಮನೆಯಲ್ಲಿ ಮಾತ್ರ ಅವನೂ ಎಲ್ಲರ ಹಾಗೇ. ಮನೆ ಬೇರೆ, ಕೆಲಸ ಬೇರೆ, ಅಲ್ಲವೇ?

ಮಂಡಿ ಕೈಕೊಟ್ಟು ಕೆಲಸ ಬಿಟ್ಟ ಮೇಲೆ ಅವನಿಗೆ ಉಳಿದವರು ಮಗಳು, ಮಗಳ ಮಗಳು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಅಳಿಯ ಅನ್ನಿಸಿಕೊಂಡವನು ಮಗು ಹುಟ್ಟಿದ ಮೇಲೆ ಈ ಕಡೆ ತಲೆಹಾಕಿರಲಿಲ್ಲ. ಮಗಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳ ಕಾಲರು ಹೊಲಿಯುತ್ತಿದ್ದಳು. ಭಾನುವಾರವೂ ಓಟಿ. ಅವಳ ಮನೆ ಎರಡು ಓಣಿ ಆಚೆ. ಹಾಗಾಗಿ ಭಾನುವಾರ ಅಂದರೆ ಚೂಟಿ ಪೂರ್ತಿ ತಾತನ ಪಾಲು.

ಚೂಟಿ ಅಂದರೆ ಮೊಮ್ಮಗಳು. ಆರು ವರ್ಷದ ಪೋರಿ, ಬಾಯಿ ಅರವತ್ತು ವರ್ಷದ್ದು. ಮನೆಯಲ್ಲಿ ಕೂತು ಬಣ್ಣದ ಪೆನ್ಸಿಲ್ಲು ಗೀಚು ಅಂದರೆ ಕೇಳುವ ಪೈಕಿ ಅಲ್ಲ. ತಾತನಿಗೂ ನಾಲ್ಕು ಗೋಡೆಯ ಒಳಗಿದ್ದು ಅಭ್ಯಾಸವಿಲ್ಲ. ಇಬ್ಬರೂ ಒಂದು ಉಪಾಯ ಕಂಡುಕೊಂಡರು. ಸ್ಟ್ಯಾಂಡಿಗೆ ಹೋಗಿ ಕಣ್ಣಿಗೆ ಬಿದ್ದ ಬಸ್ ಹತ್ತುವುದು. ಕೊನೇ ಸ್ಟಾಪಿನಲ್ಲಿ ಇಳಿಯುವುದು. ಅಲ್ಲಿಂದ ಕಾಲು ಕರೆದುಕೊಂಡು ಹೋದ ಕಡೆ ನಡೆಯುವುದು. ಚೀಲದಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ನೀರು, ಒಂದು ತುಂಡು ಹಳೇ ಹಗ್ಗ.

“ತಾತ, ಈ ಬಸ್ಸು ಇನ್ನೂ ಮುಂದಕ್ಕೆ ಯಾಕೆ ಹೋಗಲ್ಲ?”

“ಡ್ರೈವರ್‌ಗೆ ಮನೇಲಿ ಹೆಂಡ್ತಿ ಬೈತಾಳೆ.”

“ನಿನಗೆ ಬೈಯೋಕೆ ಯಾರೂ ಇಲ್ಲ, ಅದಕ್ಕೇ ನಾವು ಹೋಗ್ಬಹುದು ಅಲ್ವಾ?”

“ಹೂಂ ಕಣೆ ತಲೆಹರಟೆ, ನಡಿ.”

ಹೀಗೆ ಅವರು ನೋಡದ ಜಾಗವಿಲ್ಲ. ಕೆರೆಯ ಕೆಸರಿನಲ್ಲಿ ಚೂಟಿಯ ಒಂದು ಚಪ್ಪಲಿ ಹೂತುಹೋಗಿ, ತಾತ ಮೊಣಕೈವರೆಗೆ ಕೈ ಹಾಕಿ ತೆಗೆದರೆ ಬಂದದ್ದು ಬೇರೆ ಯಾರದೋ ಚಪ್ಪಲಿ. ಅದನ್ನೇ ಹಾಕಿಕೊಂಡು ಮನೆಗೆ ಬಂದಳು. ಆಲಿಕಲ್ಲು ಮಳೆ ಹಿಡಿದು ರೈಲು ಸೇತುವೆಯ ಕೆಳಗೆ ಒಂದು ಹಸುವಿನ ಜೊತೆ ನಿಂತರು. ಹಸು ಬ್ರೆಡ್ಡನ್ನೆಲ್ಲ ತಿಂದುಹಾಕಿತು. ನಾಯಿ ಅಟ್ಟಿಸಿಕೊಂಡು ಬಂದಾಗ ಮಂಡಿನೋವಿನ ಮುದುಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಕಾಲಿಗೆ ಬುದ್ಧಿ ಹೇಳಿದ ಚೆಂದ ನೋಡಬೇಕಿತ್ತು. ಮಗಳು ಗೊಣಗುತ್ತಿದ್ದಳು. “ಅಪ್ಪ, ಅವಳನ್ನ ತಲೆ ಮೇಲೆ ಕೂರಿಸ್ಕೊಂಡಿದ್ದೀಯ ನೀನು. ಮೈತುಂಬಾ ಮಣ್ಣು ಮೆತ್ಕೊಂಡು ಬರ್ತಾಳೆ, ಒಗೆಯೋಳು ನಾನು.” ಗೊಣಗಿದರೂ ಮಣ್ಣು ಹೇಗೆ ಮೆತ್ತಿಕೊಂಡಿತು ಅನ್ನುವ ಕಥೆಯನ್ನು ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು. ವಾರವೆಲ್ಲ ಕಾಲರು ಹೊಲಿದವಳಿಗೆ ಅದೇ ಪ್ರವಾಸ.

ಅವರಿಬ್ಬರದೂ ಒಂದು ಆಟವಿತ್ತು. ಬಂಡೆ ಕಂಡರೆ ಚೂಟಿ ಹಿಂದಿನಿಂದ ಕೈಕಾಲು ಊರಿ ಹತ್ತುವಳು. ತಾತ ಮುಂದಿನಿಂದ ಸುತ್ತಿ ಬಂದು ಕೆಳಗೆ ನಿಲ್ಲುವನು. ಮೇಲಿಂದ ಅವಳು ಕಣ್ಣುಮುಚ್ಚಿಕೊಂಡು ಕೂಗುವಳು: “ತಾತಾ, ಬಂದ್ಯಾ?” ಅವನು ಕಾಲು ಭದ್ರ ಮಾಡಿಕೊಂಡು, ಎರಡೂ ಕೈ ಚಾಚಿ, ಆಮೇಲೆ “ಬಂದೆ” ಅನ್ನುವನು. ಅವಳು ಕಣ್ಣು ಬಿಡದೆ ಹಾರುವಳು. ಕಣ್ಣು ಬಿಟ್ಟು ಹಾರಿದರೆ ಅವಳ ಲೆಕ್ಕದಲ್ಲಿ ಸೋತ ಹಾಗೆ. ಕೈ ಚಾಚುವ ಮೊದಲು ತಾತ ಒಂದು ಸಲವೂ ಆ ಮಾತು ಆಡಿದವನಲ್ಲ. ಊರೆಲ್ಲ ಸುಳ್ಳು ಸುಳ್ಳೇ ಆಡುವ ಮಾತನ್ನು ಮೊಮ್ಮಗಳಿಗೆ ಮಾತ್ರ ನಿಜವಾಗಿ ಆಡುತ್ತಿದ್ದ, ಪುಣ್ಯಾತ್ಮ.

ಆ ಭಾನುವಾರ ಕಲ್ಲುಗಣಿಯ ಕಡೆ ಹೋಗಿದ್ದರು. ಗಣಿ ನಿಂತು ಎಷ್ಟೋ ಕಾಲವಾಗಿ ಸುತ್ತ ಹುಲ್ಲು ಬೆಳೆದಿತ್ತು. ಚೂಟಿ ಬಂಡೆ ಹತ್ತಿದಳು. ಬಂಡೆಯೇನೂ ಭಾರಿ ಎತ್ತರವಲ್ಲ, ಇದಕ್ಕಿಂತ ಎತ್ತರದಿಂದ ಎಷ್ಟೋ ಸಲ ಹಾರಿದ್ದಳು. ತಾತ ಸುತ್ತಿ ಬರುತ್ತಿದ್ದ. ಇನ್ನೂ ಹತ್ತು ಮಾರು ದೂರವಿದ್ದ. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಾರ್ಖಾನೆಯಿಂದ ಮಗಳು. ಟೀ ಬಿಡುವು.

“ಅಪ್ಪ, ಮನೆಗೆ ಬಂದ್ಯಾ? ಮೋಡ ಆಗಿದೆ.”

ಮನೆಗೆ ಬರುವುದಿರಲಿ, ಇನ್ನೂ ಬಸ್ ಸ್ಟಾಪಿಗೇ ಹೊರಟಿರಲಿಲ್ಲ. ಇಲ್ಲ ಅಂದರೆ ಮಗಳು ಮಿಷನ್ನಿನ ಮುಂದೆ ಕೂತು ಹೊತ್ತು ಮುಳುಗುವವರೆಗೂ ಒದ್ದಾಡುತ್ತಾಳೆ. ಫೋನಿನಲ್ಲಿ ಮಾತಾಡುವಾಗ ಅವನದು ಯಾವತ್ತೂ ದೊಡ್ಡ ಗಂಟಲು. ಮಗಳ ಸಮಾಧಾನಕ್ಕೆ ಅಂತ, ಎಲ್ಲರೂ ಅನ್ನುವ ಹಾಗೆ, ಕೂಗಿ ಹೇಳಿದ:

“ಬಂದೆ, ಬಂದೆ!”

ಮೇಲೆ ಚೂಟಿ ಕಣ್ಣುಮುಚ್ಚಿ ನಿಂತಿದ್ದಳು.

ಮಗುವಿನ ಚೀರಾಟ ಫೋನಿನಲ್ಲೇ ಮಗಳಿಗೆ ಕೇಳಿಸಿತು. ಅದಕ್ಕೇ ಈ ಕಥೆಯಲ್ಲಿ ಮುಚ್ಚಿಡುವಂಥದ್ದು ಏನೂ ಉಳಿಯಲಿಲ್ಲ. ಯಾರೂ ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ.

ಸೊಂಟದ ಕೀಲಿನ ಹತ್ತಿರ, ಮೂಳೆ ಬೆಳೆಯುವ ಜಾಗದಲ್ಲೇ ಮುರಿದಿತ್ತು. ಆಪರೇಷನ್ ಮಾಡಿದರು, ಪ್ಲೇಟು ಹಾಕಿದರು, ಎದೆಯವರೆಗೆ ಪ್ಲಾಸ್ಟರ್ ಸುತ್ತಿದರು. ಆ ಕಾಲು ಇನ್ನೊಂದರಷ್ಟು ಉದ್ದ ಬೆಳೆಯುವುದು ಅನುಮಾನ ಅಂದರು ಡಾಕ್ಟರು. ವಾರ್ಡಿನ ಬಾಗಿಲಲ್ಲಿ ಮಗಳು ಅಪ್ಪನನ್ನು ತಡೆದಳು. ಕಿರುಚಲಿಲ್ಲ, ಬೈಯಲಿಲ್ಲ.

“ನೀವು ಮನೆಗೆ ಹೋಗಿ,” ಅಂದಳು.

ಹುಟ್ಟಿದಾಗಿನಿಂದ ‘ನೀನು’ ಅಂದ ಮಗಳು! ಅಪ್ಪನನ್ನು ‘ನೀವು’ ಅಂತ ಮರ್ಯಾದೆ ಕೊಟ್ಟು ಕರೆಯುವ ಮನೆಗಳು ಬೇಕಾದಷ್ಟಿವೆ. ಇವರದು ಅಂಥ ಮನೆಯಲ್ಲ. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಹಗ್ಗದಣ್ಣ ತಲೆತಗ್ಗಿಸಿ ಮೆಟ್ಟಿಲಿಳಿದ.

ಆಮೇಲಿನ ತಿಂಗಳುಗಳು ಹೇಗೆ ಕಳೆದವೋ. ಸ್ಟೋವ್ ಹಚ್ಚಿ ಪಾತ್ರೆ ಇಡುವುದನ್ನೇ ಮರೆತು ಉರಿ ನೋಡುತ್ತ ಕೂರುತ್ತಿದ್ದ. ಓಣಿಯವರು ಸಮಾಧಾನ ಹೇಳಲು ಬಂದರೆ ಎಗರಿ ಬೀಳುತ್ತಿದ್ದ. ಎದುರುಮನೆಯಾತ ಪಾಪ, “ಎಲ್ಲಾ ಹಣೆಬರಹ ಕಣಣ್ಣ,” ಅಂದ. “ಹಣೆಬರಹಾನೂ ಇಲ್ಲ, ನಿನ್ನ ತಲೇನೂ ಇಲ್ಲ. ನನ್ನ ಬಾಯಿ ಕಣಯ್ಯ, ನನ್ನ ಹಾಳು ಬಾಯಿ,” ಅಂದವನು ಬಾಗಿಲು ಹಾಕಿಕೊಂಡ. ಮಗಳ ಕಡೆಯೂ ಅದೇ ಪಾಡು. ಆ ಹೊತ್ತಿಗೆ ತಾನು ಫೋನು ಮಾಡದೆ ಇದ್ದಿದ್ದರೆ, ಅನ್ನುವ ಹುಳ ಅವಳ ತಲೆಯನ್ನು ಕೊರೆಯುತ್ತಿತ್ತು. ಟೀ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದರೂ ಅವಳು ಮಿಷನ್ನಿನ ಮುಂದೆಯೇ ತಲೆಬಗ್ಗಿಸಿ ಕೂರುತ್ತಿದ್ದಳು. ಇಬ್ಬರೂ ಒಂದೇ ನೋವು ತಿನ್ನುತ್ತಿದ್ದರು, ಬೇರೆ ಬೇರೆ ಮನೆಯಲ್ಲಿ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಶುರುವಾಯಿತು ನಿಜವಾದ ಗೋಳು. ಆಸ್ಪತ್ರೆಯ ನೆಲಮಹಡಿಯಲ್ಲಿ ನಡಿಗೆ ಕಲಿಸುವ ರೂಮಿತ್ತು. ಉದ್ದಕ್ಕೆ ಎರಡು ಕಬ್ಬಿಣದ ಕಂಬಿ, ಗೋಡೆಗೆ ಆಳೆತ್ತರದ ಕನ್ನಡಿ, ಮೂಲೆಯಲ್ಲಿ ಗಾಳಿ ಇಳಿದ ದೊಡ್ಡ ರಬ್ಬರ್ ಚೆಂಡು, ಫಿನಾಯಿಲ್ ವಾಸನೆ. ಕಂಬಿ ಹಿಡಿದು ನಿಲ್ಲಬೇಕು, ಆಮೇಲೆ ಬಿಟ್ಟು ನಡೆಯಬೇಕು. ಚೂಟಿ ನಿಂತಳು. ಬಿಡಲಿಲ್ಲ. ಫಿಸಿಯೋ ಮೇಡಂ ಮಂಡಿಯೂರಿ ಕೈ ಚಾಚಿ, “ಬಾ ಪುಟ್ಟಿ, ನಾನಿದ್ದೀನಲ್ಲ, ಹಿಡ್ಕೋತೀನಿ,” ಅಂದರು.

“ಸುಳ್ಳು,” ಅಂದಳು ಚೂಟಿ.

ಚಾಕಲೇಟು ತೋರಿಸಿದರು, ಗೊಂಬೆ ತೋರಿಸಿದರು, ಗದರಿಸಿದರು. ಅಮ್ಮನೇ ಎದುರು ನಿಂತು ಕರೆದಳು. “ಸುಳ್ಳು.” ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಮಗುವಿನ ಬಾಯಲ್ಲಿ ಅದೊಂದೇ ಮಾತು ಉಳಿದಿತ್ತು. ಈಗ ನಡೆಯದಿದ್ದರೆ ಕೀಲು ಹಾಗೇ ಬಿಗಿದುಕೊಳ್ಳುತ್ತದೆ, ಆಮೇಲೆ ಜನ್ಮವಿಡೀ ಊರುಗೋಲು, ಅಂತ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು.

ಆವತ್ತು ಸಂಜೆ ಮಗಳು ಅಪ್ಪನ ಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಒಳಗೆ ಬರಲಿಲ್ಲ.

“ನೀವೊಂದ್ಸಲ ಆಸ್ಪತ್ರೆಗೆ ಬನ್ನಿ. ನಿಮ್ಮ ಕೈಗಾದ್ರೂ ಬರ್ತಾಳೇನೋ ನೋಡೋಣ.”

ಮರುದಿನ ಮುದುಕ ಬೆಳಕು ಹರಿಯುವ ಮೊದಲೇ ಎದ್ದ. ಗಡ್ಡ ಬೋಳಿಸಿಕೊಂಡ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಂಡಿಗೆ ತಿಂದ. ನೋಡಿದ ಕೂಡಲೇ ‘ತಾತಾ’ ಅಂತ ಅಳುತ್ತಾಳೆ, ಅಳಲಿ, ಹೊಡೆಯುತ್ತಾಳೆ, ಹೊಡೆಯಲಿ, ಕೊನೆಗೆ ಕೈಗೆ ಬಂದೇ ಬರುತ್ತಾಳೆ. ಅವಳು ಹಾರಿದ್ದೆಲ್ಲ ಈ ಕೈಗೇ ತಾನೆ? ಬೇರೆ ಯಾರನ್ನು ನಂಬದಿದ್ದರೂ ಈ ಕೈಗಳ ಗುರುತು ಎಲ್ಲಿ ಹೋಗುತ್ತದೆ?

ಚೂಟಿ ಕಂಬಿಯ ಈ ತುದಿಯಲ್ಲಿದ್ದಳು. ಬಡವಾಗಿದ್ದಳು, ಕೂದಲು ಕತ್ತರಿಸಿದ್ದರು. ಅವಳ ಬೆನ್ನ ಹಿಂದೆ ಬಾಗಿಲು; ಬಾಗಿಲಲ್ಲಿ ಅಮ್ಮ. ತಾತ ಗೋಡೆ ಬದಿಯಿಂದ ಹೋಗಿ ಕಂಬಿಯ ಆ ತುದಿಯಲ್ಲಿ, ಅವಳ ಕಣ್ಣಿಗೆ ನೇರವಾಗಿ ನಿಂತ. ಕಾಲು ಭದ್ರ ಮಾಡಿಕೊಂಡ. ಎರಡೂ ಕೈ ಚಾಚಿದ. ತುಟಿ ಪಿಟಕ್ಕೆನ್ನಲಿಲ್ಲ. ಬಾಯಿಯ ಮೇಲೆ ಅವನಿಗೆ ನಂಬಿಕೆ ಹೋಗಿತ್ತು.

ಚೂಟಿ ನೋಡಿದಳು. ಅಳಲಿಲ್ಲ. ಮುಖ ಬಿಳಿಚಿತು, ಕಂಬಿ ಹಿಡಿದ ಬೆರಳು ಇನ್ನೂ ಬಿಗಿಯಾದವು. ತಾತ ಒಂದೇ ಒಂದು ಹೆಜ್ಜೆ ಮುಂದಿಟ್ಟ. ಆಗ ಅವಳ ಒಂದು ಕೈ ಬಿಟ್ಟಿತು. ಇನ್ನೊಂದೂ ಬಿಟ್ಟಿತು. ಅಯ್ಯೋ ನನ್ನ ಕಂದ, ಬಿಟ್ಟಳು, ಬಂದಳು, ಅಂತ ಅವನ ಎದೆ ಉಕ್ಕಿತು.

ಚೂಟಿ ಹಿಂದಕ್ಕೆ ತಿರುಗಿದಳು. ಕುಂಟುತ್ತ, ವಾಲುತ್ತ, ಗಾಳಿಯಲ್ಲಿ ಕೈ ಹುಡುಕುತ್ತ, ತಾತನಿಂದ ದೂರ, ಬಾಗಿಲಿನ ಕಡೆ ನಡೆದಳು. ನಡೆದದ್ದಲ್ಲ, ತಪ್ಪಿಸಿಕೊಂಡು ಓಡಿದ್ದು. ಅಮ್ಮನ ಹೊಟ್ಟೆಗೆ ಮುಖ ಒತ್ತಿ, “ತಾತ ಬೇಡ, ತಾತ ಬೇಡ,” ಅಂತ ಹೋ ಎಂದು ಅತ್ತಳು.

“ನಡೆದ್ಲು! ನೋಡಿ, ನಡೆದೇ ಬಿಟ್ಲು!” ಫಿಸಿಯೋ ಮೇಡಂ ಚಪ್ಪಾಳೆ ತಟ್ಟಿದರು. ಆಮೇಲೆ ಮುದುಕನ ಮುಖ ನೋಡಿ ಕೈ ಕೆಳಗಿಳಿಸಿದರು.

ಅವನ ಕೈಗಳು ಇನ್ನೂ ಚಾಚಿಕೊಂಡೇ ಇದ್ದವು. ಅವನ್ನು ಎಲ್ಲಿಡಬೇಕೋ ತೋಚದೆ ಕೊನೆಗೆ ಮುಂದೆ ಹೋಗಿ, ಮಗು ಹಿಡಿದಿದ್ದ ಜಾಗದಲ್ಲೇ ಕಂಬಿಯ ಮೇಲಿಟ್ಟ. ಕಬ್ಬಿಣ ಮಗುವಿನ ಬೆವರಿನಿಂದ ಒದ್ದೆಯಾಗಿತ್ತು. ಮಗು ತನ್ನಿಂದ ತಪ್ಪಿಸಿಕೊಂಡು ಓಡಿತ್ತು. ಆದರೆ ಮಗು ನಡೆದಿತ್ತು. ಎರಡೂ ನಿಜ, ಯಾವುದಕ್ಕೆ ಅಳಬೇಕು?

ಮಗಳು ಮಗುವನ್ನು ಹೊರಗೆ ಆಯಾಳ ಹತ್ತಿರ ಕೂರಿಸಿ ಒಳಗೆ ಬಂದಳು. ಅಪ್ಪನ ಮುಖ ನೋಡಲಾಗದೆ ನೆಲ ನೋಡುತ್ತ, “ನಾಳೆಯಿಂದ ಬರ್ಬೇಡಿ. ನಿಮಗೂ ಕಷ್ಟ,” ಅಂದಳು.

ಹಗ್ಗದಣ್ಣ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಕಂಬಿಯಿಂದ ಬಾಗಿಲವರೆಗಿನ ದೂರವನ್ನು ಕಣ್ಣಲ್ಲೇ ಅಳೆದ. ಬಾಗಿಲಾಚೆ ಉದ್ದನೆಯ ವರಾಂಡ ಇತ್ತು.

“ಬರ್ತೀನಿ. ದಿನಾ ಬರ್ತೀನಿ,” ಅಂದ. “ನಾಳೆ ನೀನು ಬಾಗಿಲಲ್ಲಿ ನಿಲ್ಬೇಡಮ್ಮ. ಆಚೆ ವರಾಂಡದ ತುದೀಲಿ ನಿಂತ್ಕೋ. ನಾನು ಇಲ್ಲೇ ಅವಳ ಕಣ್ಣಿಗೆ ಬೀಳೋ ಹಾಗೆ ನಿಂತಿರ್ತೀನಿ. ನನ್ನಿಂದ ಇನ್ನೂ ಸ್ವಲ್ಪ ದೂರ ಹೋಗ್ಲಿ ಮಗು.”