ಹಸುವಿನ ಜಾಗದಲ್ಲಿ ಚಿನ್ನಪ್ಪ

ಅವಲಪಲ್ಲಿಯ ಚಿನ್ನಪ್ಪ ಸತ್ತ ಮನುಷ್ಯನೊಬ್ಬನಿಗೆ ಒಂದು ಸಾಕ್ಷಿ ಬಾಕಿ ಉಳಿಸಿಕೊಂಡಿದ್ದ. ಮೂವತ್ತೆಂಟು ವರ್ಷದ ಬಾಕಿ. ಅಷ್ಟೂ ವರ್ಷ ಬಾಯಿ ಮುಚ್ಚಿಕೊಂಡಿದ್ದ ಅಂತಲ್ಲ. ಹೊಸೂರಿನಲ್ಲಿ ಅವನಷ್ಟು ಗಂಟಲು ಹರಿದುಕೊಂಡವನು ಇನ್ನೊಬ್ಬನಿಲ್ಲ. ಫ್ಯಾಕ್ಟರಿ ಗೇಟಾಗಲಿ ತಾಲ್ಲೂಕು ಆಫೀಸಾಗಲಿ, ಯಾರು ಧರಣಿ ಕೂತರೂ ಜಮಖಾನೆ ಹಾಸುವ ಮೊದಲೇ ಹಾಜರು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ನ್ಯಾಯ ಬೇಕು ಅಂತ ಕೂಗಿದ್ದ. ತನ್ನ ಕ್ಯಾಪ್ಟನ್‌ಗೆ ಮಾತ್ರ ಒಂದರಲ್ಲೂ ಕೂಗಿರಲಿಲ್ಲ.

ಪ್ರಾಯದಲ್ಲಿ ಅವನು 'ಜಲಕೇಸರಿ' ಎಂಬ ಯುದ್ಧನೌಕೆಯಲ್ಲಿ ಅಡುಗೆಯವನಾಗಿದ್ದ. ಹೊಸೂರಿನ ಪಕ್ಕದ ತಳಿ ಊರಿನ ಕಡೆ ರಾಗಿ ಹೊಲದಲ್ಲಿ ಬೆಳೆದ ಆಳು, ಮೊಣಕಾಲು ಮೀರಿದ ನೀರಿಗಿಳಿದವನಲ್ಲ. ಈಜು ಪರೀಕ್ಷೆಗೆ ತನ್ನ ಹೆಸರಲ್ಲಿ ಗೆಳೆಯ ಕೆಂಪರಾಜುವನ್ನು ಇಳಿಸಿ ಪಾಸಾಗಿದ್ದ. ಬಿರುಗಾಳಿಯ ದಿನ ಎಂಜಿನ್ನಿಗೆ ಬೆಂಕಿ ಬಿದ್ದು ಹಡಗು ವಾಲಿತು. ಡೆಕ್ಕಿನ ಮೇಲಿದ್ದವರೆಲ್ಲ ಹಾರಿಕೊಂಡರು. ಚಿನ್ನಪ್ಪ ಕಂಬಿ ತಬ್ಬಿ ನಿಂತ.

"ಹಾರಯ್ಯಾ!" ಅಂದರು ಕ್ಯಾಪ್ಟನ್ ಉಮಾಶಂಕರ್.

"ಈಜು ಬರಲ್ಲ ಸಾರ್."

ಅವರು ಬೈಯಲೂ ಇಲ್ಲ. ಹಗ್ಗದಿಂದ ಅವನನ್ನು ಸೊಂಟಕ್ಕೆ ಬಿಗಿದುಕೊಂಡು ಹಾರಿ, ತೆಪ್ಪದೊಳಕ್ಕೆ ನೂಕಿ, ಹಗ್ಗ ಬಿಚ್ಚಿ, ಒಳಗೆ ಸಿಕ್ಕಿಕೊಂಡವರಿಗಾಗಿ ಮತ್ತೆ ಹಡಗು ಹತ್ತಿದರು. ಅದರ ಜೊತೆಗೇ ಮುಳುಗಿದರು.

ದೂರದ ದೋಣಿಯವರು ಕ್ಯಾಪ್ಟನ್ ಹಾರಿದ್ದನ್ನು ಕಂಡಿದ್ದರು. ಮತ್ತೆ ಹಡಗು ಹತ್ತಿದ್ದು ಹೊಗೆಯಲ್ಲಿ ಕಾಣಲಿಲ್ಲ. ವಿಚಾರಣೆಯಲ್ಲಿ ಚಿನ್ನಪ್ಪನನ್ನು ಕೇಳಿದರು. ನಿಜ ಹೇಳಿದರೆ ಈಜಿನ ಮೋಸ ಹೊರಬೀಳುತ್ತೆ, ಕೆಲಸ ಹೋಗುತ್ತೆ. "ನಾನು ನೋಡಿಲ್ಲ" ಅಂದುಬಿಟ್ಟ. ಜನರನ್ನು ಬಿಟ್ಟು ಓಡಿದ ಕ್ಯಾಪ್ಟನ್ ಅಂತ ವರದಿಯಾಯಿತು.

ಹೋದ ವರ್ಷ ಎದೆ ನೋವು ಬಂದಾಗ ಚಿನ್ನಪ್ಪನಿಗೆ ಕ್ಯಾಪ್ಟನ್ ನೆನಪಾದರು. ಒಂದು ವೀರಗಲ್ಲು ನಿಲ್ಲಿಸಿಬಿಡೋಣ ಅಂದುಕೊಂಡ. ಕಲ್ಲಾದರೆ ಪ್ರಶ್ನೆ ಕೇಳಲ್ಲವಲ್ಲ! ಕಲ್ಲು ಕೇಳಲಿಲ್ಲ. ಸೂಳಗಿರಿಯ ಕಲ್ಲುಕುಟಿಗ ಮುನಿಕೃಷ್ಣ ಕೇಳಿದ.

"ಹಡಗು ನಾನೆಲ್ಲಿ ನೋಡಿವ್ನಿ ಚಿನ್ನಪ್ಪಣ್ಣಾ? ಡ್ಯಾಮ್‌ನಾಗೆ ಮೀನು ಹಿಡಿಯೋರ ತೆಪ್ಪ ಕಂಡಿವ್ನಿ. ಅದನ್ನೇ ವಸಿ ದೊಡ್ಡದು ಮಾಡ್ತೀನಿ. ಅದಿರ್ಲಿ, ಕೆಳಗಡೆ ಏನು ಕೆತ್ಲಿ?"

"ಕೆಳಗಡೆ ಏನಿರ್ಬೇಕ್ಲಾ?"

"ವೀರ ಯಾರಿಗೋಸ್ಕರ ಸತ್ತ ಅಂತ. ಹಳೇ ಕಲ್ಲು ನೋಡಿಲ್ವಾ? ಹಸು ಬಿಡಿಸಕ್ಕೆ ಹೋಗಿ ಸತ್ತಿದ್ರೆ ಹಸು ಇರ್ತದೆ."

"ದೇಶಕ್ಕೋಸ್ಕರ ಅಂತ ಬರ್ದುಬುಡು."

"ದೇಶಕ್ಕೆ ಮೂತಿ ಐತಾ ಕೆತ್ತಕ್ಕೆ? ಕೆಳಗಡೆ ಖಾಲಿ ಬುಟ್ರೆ ಅದು ವೀರಗಲ್ಲಲ್ಲ ಕಣಣ್ಣಾ, ಬಟ್ಟೆ ಒಗೆಯೋ ಕಲ್ಲು. ನಾನು ಕೆತ್ತಲ್ಲ."

ಚಿನ್ನಪ್ಪ ಮೂರು ಸಲ ಸೂಳಗಿರಿ ಬಸ್ಸು ಹತ್ತಿ ಇಳಿದ. ಎರಡು ಸಲ ಬರೀ ಟೀ ಕುಡಿದು ವಾಪಸ್ಸು. ಹೆಂಡತಿ ಶ್ಯಾಮಲಮ್ಮನಿಗೆ ಕೊನೆಗೆ ಎಲ್ಲ ಹೇಳಿದ. ಆಕೆ ಅವರೆಕಾಯಿ ಬಿಡಿಸುತ್ತಲೇ, "ಊರೋರ ಸುಳ್ಳಿಗೆಲ್ಲ ಮೈಕು ಹಿಡ್ದೆ. ನಿನ್ ಸುಳ್ಳಿಗೆ ಯಾರು ಹಿಡೀಬೇಕು, ನಾನಾ?" ಅಂದಳು.

ಮೂರನೇ ಸಲ ಚಿನ್ನಪ್ಪ ಟೀ ಕುಡಿಯಲಿಲ್ಲ.

"ಹಸು ಇರೋ ಜಾಗದಾಗೆ ನನ್ನೇ ಕೆತ್ತು ಕಣ್ಲಾ. ಹೊಟ್ಟೆ ಮರೀಬ್ಯಾಡ."

ಮುನಿಕೃಷ್ಣ ಉಳಿ ಕೆಳಗಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹಸುವೇ ಸಲೀಸಿತ್ತು" ಅಂದ.

ತಳಿ ರಸ್ತೆ ಪಕ್ಕದ ಹೊಲದ ಬದುವಿನಲ್ಲಿ ಕಲ್ಲು ನಿಂತಿದೆ. ಹಡಗು ದೊಡ್ಡ ಹರಿಗೋಲಿನಂತಿದೆ. ಕ್ಯಾಪ್ಟನ್ ಕೈಗೆ ಮುನಿಕೃಷ್ಣನ ಅಭ್ಯಾಸಬಲದಿಂದ ಕತ್ತಿ ಬಂದಿದೆ. ಕೆಳಗೆ ಸೌಟು ಹಿಡಿದ ಡೊಳ್ಳುಹೊಟ್ಟೆಯವನು ಹಗ್ಗದಲ್ಲಿ ನೇತಾಡುತ್ತಿದ್ದಾನೆ. ಕಲ್ಲು ನಿಲ್ಲಿಸಿದ ದಿನ ಚಿನ್ನಪ್ಪನ ಕರೆಗೆ ಮೈಸೂರಿನಿಂದ ಬಂದ ಕ್ಯಾಪ್ಟನ್ ಮಗಳು ಚಂದ್ರಲೇಖಾ ಆ ಹಗ್ಗವನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ಇದು ನೀವಾ?"

"ನಾನೇ ತಾಯಿ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

ಭಾಷಣಕ್ಕೆ ತಂದಿದ್ದ ಮೈಕು ಚಿನ್ನಪ್ಪನ ಕೈಯಲ್ಲೇ ಇತ್ತು. "ಮೊದ್ಲು ಕೆಲಸಕ್ಕೆ, ಆಮೇಲೆ ಪೆನ್ಷನ್‌ಗೆ" ಅಂದ. ಊರಿಗೆಲ್ಲ ಕೇಳಿಸಿತು.

ಆಕೆ ಅಳಲಿಲ್ಲ, ಕ್ಷಮಿಸಲೂ ಇಲ್ಲ. "ಕಲ್ಲು ಇಲ್ಲಿದೆ. ವರದಿ ಇನ್ನೂ ಅಲ್ಲಿ, ನೌಕಾಪಡೆಯ ಕಡತದಲ್ಲೇ ಇದೆ. ಬರೆದುಕೊಡಿ" ಅಂದರು.

ಬರೆದುಕೊಟ್ಟ, ಈಜು ಪರೀಕ್ಷೆಯ ಕಥೆ ಸಮೇತ. ಪೆನ್ಷನ್ ಏನಾಗುತ್ತೋ ಗೊತ್ತಿಲ್ಲ. ವರದಿ ತಿದ್ದಬೇಕೆಂಬ ಮನವಿ ಅವಲಪಲ್ಲಿಯ ಅವನ ಜಗಲಿಯ ಮೇಲಿದೆ, ಜೊತೆಗೊಂದು ಪೆನ್ನು. ಓದುತ್ತಿರುವ ನೀವು ಬನ್ನಿ. ಕಲ್ಲು ನೋಡಿ, ಸೌಟು ನೋಡಿ ನಗಿ, ಆಮೇಲೆ ಸಹಿ ಹಾಕಿ. ನೋಡಿಲ್ಲ ಅಂತ ಮಾತ್ರ ಹೇಳಬೇಡಿ. ಆ ಮಾತು ಚಿನ್ನಪ್ಪ ಒಮ್ಮೆ ಹೇಳಿ ಆಗಿದೆ.